ಅಂಬಾಸಡರ್ ಮಾದರಿಗೆ ಅಳತೆಗೊಪ್ಪುವ ಟೈರು: ಶಿವಮೊಗ್ಗದ ಒಂದು ಲೇತ್ ಅಂಗಡಿಯ ಕೆಲಸ

ಮಾದರಿ ಕಾರುಗಳನ್ನು ಕಟ್ಟುವ ನಮ್ಮ ಕಡೆಯ ಹವ್ಯಾಸಿಗಳು ಬಣ್ಣಕ್ಕೆ, ಕ್ರೋಮ್ ಪಟ್ಟಿಗೆ, ನಂಬರ್ ಪ್ಲೇಟಿನ ಅಕ್ಷರಕ್ಕೆ ಕೊಡುವ ಗಮನವನ್ನು ಟೈರಿಗೆ ಕೊಡುವುದು ಅಪರೂಪ. ಕಿಟ್ಟಿನ (ಜೋಡಿಸಿ ಕಟ್ಟುವ ಬಿಡಿಭಾಗಗಳ ಕಟ್ಟಿನ) ಡಬ್ಬಿಯಲ್ಲಿ ಬಂದ ಟೈರನ್ನು ರಿಮ್ಮಿಗೆ ತೊಡಿಸಿ, ಆಕ್ಸಲ್ಲಿಗೆ ಸಿಕ್ಕಿಸಿಬಿಟ್ಟರೆ ಆ ಭಾಗ ಮುಗಿಯಿತೆಂದೇ ಹೆಚ್ಚಿನವರ ಎಣಿಕೆ. ಆದರೆ ಕಾರು ನೆಲದ ಮೇಲೆ ನಿಲ್ಲುವ ಠೀವಿಯನ್ನು ನಿರ್ಧರಿಸುವುದು ಆ ನಾಲ್ಕು ಟೈರುಗಳೇ. ಅವುಗಳ ವ್ಯಾಸ ಒಂದು ಮಿಲಿಮೀಟರು ಹೆಚ್ಚಾದರೂ, ಅಗಲ ಎರಡು ಮಿಲಿಮೀಟರು ಹೆಚ್ಚಾದರೂ, ಎಷ್ಟೇ ಅಚ್ಚುಕಟ್ಟಾಗಿ ಬಣ್ಣ ಬಳಿದ ಕಾರೂ ಆಟಿಕೆಯಾಗಿಯೇ ಕಾಣುತ್ತದೆ. ಈ ಕೊರತೆಯನ್ನು ನೀಗಿಸಿಕೊಡುವ ಒಂದು ಲೇತ್ (ತಿರುಗಿಸುತ್ತಾ ಕಡೆಯುವ ಯಂತ್ರ) ಅಂಗಡಿ ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿದೆ. ಅಲ್ಲಿ ನನ್ನ ಅಂಬಾಸಡರ್, ಮಾರುತಿ 800 ಮತ್ತು ಜೀಪಿನ ಮಾದರಿಗಳ ಟೈರುಗಳನ್ನು ಅಳತೆಗೆ ತರಿಸಿಕೊಂಡ ಅನುಭವದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಅಂಗಡಿಯ ಹೆಸರನ್ನು ಬರೆಯಬಾರದೆಂದು ಮಾಲೀಕರೇ ಕೇಳಿಕೊಂಡಿದ್ದಾರೆ. ಅಡಿಕೆ ಸುಲಿಯುವ ಯಂತ್ರದ ಶಾಫ್ಟು, ಟ್ರ್ಯಾಕ್ಟರಿನ ಬುಶ್ಶು, ಪಂಪ್‌ಸೆಟ್ಟಿನ ಬಿಡಿಭಾಗಗಳೇ ಅವರ ದಿನದ ದುಡಿಮೆ. ಮಾದರಿ ಕಾರಿನ ಟೈರು ಸಂಜೆಯ ಹೊತ್ತಿನಲ್ಲಿ ಅವರು ಇಷ್ಟಪಟ್ಟು ಮಾಡುವ ಕೆಲಸವಾದ್ದರಿಂದ, ತಾವು ನಿಭಾಯಿಸಲಾರದಷ್ಟು ಜನ ಬಂದಾರೆಂಬ ಅಳುಕು ಅವರಿಗಿದೆ. ಆಟೋ ಕಾಂಪ್ಲೆಕ್ಸಿನಲ್ಲಿ ಲೇತ್ ಇರುವ ನಾಲ್ಕಾರು ಕಡೆ ವಿಚಾರಿಸಿದರೆ ಅವರು ಸಿಗುತ್ತಾರೆ.

ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಟೈರಿನ ವ್ಯಾಸ ಮತ್ತು ಅಗಲವನ್ನು ಸರಿಪಡಿಸುವುದರಲ್ಲಿ ಈ ಅಂಗಡಿಯ ಕೆಲಸಕ್ಕೆ ನಾನು ಪೂರ್ಣ ಅಂಕ ಕೊಡುತ್ತೇನೆ. ಟ್ರೆಡ್ಡಿನ (ನೆಲಕ್ಕೆ ತಾಗುವ ಮುಖದ ಗೀರುಗಳ) ವಿನ್ಯಾಸ ಮತ್ತು ಪಕ್ಕೆಯ ಅಕ್ಷರಗಳ ವಿಷಯದಲ್ಲಿ ಅಲ್ಲಿಂದ ಹೆಚ್ಚೇನನ್ನೂ ನಿರೀಕ್ಷಿಸಬಾರದು. ಅವು ಮನೆಯಲ್ಲಿ ಕೂತು ನಾವೇ ಮಾಡಬೇಕಾದ ಕೆಲಸಗಳು.

ಕಿಟ್ಟಿನ ಟೈರುಗಳು ಅಳತೆ ತಪ್ಪುವುದಕ್ಕೆ ಕಾರಣ ಸರಳವಾಗಿದೆ. ತಯಾರಕರು ಒಂದು ಟೈರಿನ ಅಚ್ಚನ್ನು ಮಾಡಿಕೊಂಡರೆ ಅದನ್ನು ಒಂದೇ ಕಾರಿಗೆ ಸೀಮಿತಗೊಳಿಸದೆ ಹಲವು ಕಿಟ್ಟುಗಳಿಗೆ ಹಂಚುತ್ತಾರೆ. ಅಮೆರಿಕದ ಹಳೆಯ ಕಿಟ್ಟುಗಳಲ್ಲಿ ಹೆಚ್ಚಿನವು 1:25ರ ಅಳತೆಯವು (ಅಂದರೆ ನಿಜವಾದ ಕಾರಿನ 25ರಲ್ಲಿ ಒಂದು ಪಾಲು), ಜಪಾನಿನವು ಸಾಮಾನ್ಯವಾಗಿ 1:24ರವು. ಒಂದರ ಟೈರನ್ನು ಇನ್ನೊಂದಕ್ಕೆ ಹಾಕಿದರೆ ಅಲ್ಲಿಯೇ ಶೇಕಡಾ 4ರಷ್ಟು ವ್ಯತ್ಯಾಸ ಬರುತ್ತದೆ. ನಮ್ಮ ದೇಶದ ಕಾರುಗಳನ್ನು ಕಟ್ಟುವವರ ಕಷ್ಟ ಇದಕ್ಕಿಂತ ದೊಡ್ಡದು. ಅಂಬಾಸಡರ್‌ಗೆ, ಮಾರುತಿಗೆ ಹೊಂದುವ ಟೈರು ಯಾವ ಡಬ್ಬಿಯಲ್ಲೂ ಬರುವುದಿಲ್ಲ. ತ್ರೀ-ಡಿ ಪ್ರಿಂಟ್ ಮಾಡಿಸಿದ ಮೈಗೆ ಇನ್ನಾವುದೋ ವಿದೇಶಿ ಸ್ಪೋರ್ಟ್ಸ್ ಕಾರಿನ ಕಿಟ್ಟಿನಿಂದ ಉಳಿದ ಅಗಲದ ಟೈರನ್ನು ಹಾಕಿದರೆ, ಎತ್ತರದ ತಾರಸಿಯ, ಉಬ್ಬಿದ ಮಡ್‌ಗಾರ್ಡಿನ ಒಳಗೆ ಸಪೂರ ಗಾಲಿಗಳನ್ನು ಅಡಗಿಸಿಕೊಂಡು ನಿಲ್ಲುವ ಅಂಬಾಸಡರ್‌ನ ಚಹರೆಯೇ ಕೆಟ್ಟುಹೋಗುತ್ತದೆ.

ಅಂಗಡಿಗೆ ಹೋಗುವ ಮೊದಲು ನಮ್ಮ ಕೈಯಲ್ಲಿ ಅಳತೆ ಇರಬೇಕು. ಅದನ್ನು ಪಡೆಯುವ ದಾರಿಯನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಲೇತಿನವರು ನಾವು ಕೊಟ್ಟ ಅಂಕಿಯನ್ನು ಅಕ್ಷರಶಃ ಪಾಲಿಸುತ್ತಾರೆ. ಅಂಕಿ ತಪ್ಪಾಗಿದ್ದರೆ ಟೈರೂ ಅಷ್ಟೇ ನಿಖರವಾಗಿ ತಪ್ಪಾಗುತ್ತದೆ. ಈಚಿನ ಕಾರುಗಳ ಟೈರಿನ ಮೇಲೆಯೇ ಲೆಕ್ಕ ಬರೆದಿರುತ್ತದೆ. ಮಾರುತಿ 800ರ 145/70 ಆರ್ 12 ಎಂಬ ಟೈರನ್ನೇ ನೋಡಿ. 145 ಎಂದರೆ ಮಿಲಿಮೀಟರಿನಲ್ಲಿ ಟೈರಿನ ಅಗಲ, 70 ಎಂದರೆ ಆ ಅಗಲದ ಶೇಕಡಾ 70ರಷ್ಟು ಪಕ್ಕೆಯ ಎತ್ತರ, 12 ಎಂದರೆ ಇಂಚಿನಲ್ಲಿ ರಿಮ್ಮಿನ ವ್ಯಾಸ. ಪಕ್ಕೆಯ ಎತ್ತರ 101.5 ಮಿ.ಮೀ.; ಅದು ಮೇಲೆ ಕೆಳಗೆ ಎರಡು ಸಲ ಬರುವುದರಿಂದ 203; ರಿಮ್ಮಿನ 12 ಇಂಚು ಎಂದರೆ 304.8 ಮಿ.ಮೀ. ಎರಡನ್ನೂ ಕೂಡಿದರೆ ಟೈರಿನ ಒಟ್ಟು ವ್ಯಾಸ 507.8 ಮಿ.ಮೀ. ಆಗುತ್ತದೆ. ಅದನ್ನು 24ರಿಂದ ಭಾಗಿಸಿದರೆ ಮಾದರಿಯ ಟೈರಿಗೆ 21.2 ಮಿ.ಮೀ. ವ್ಯಾಸ, 6 ಮಿ.ಮೀ. ಅಗಲ ಬರುತ್ತದೆ.

ಹಳೆಯ ಅಂಬಾಸಡರ್‌ನ ಟೈರು 5.90-15ರದು. ಇಲ್ಲಿ ಅಗಲವೂ ರಿಮ್ಮೂ ಎರಡೂ ಇಂಚಿನಲ್ಲಿವೆ, ಪಕ್ಕೆಯ ಎತ್ತರದ ಶೇಕಡಾವಾರು ಬರೆದಿರುವುದಿಲ್ಲ. ಆದ್ದರಿಂದ ನಿಜವಾದ ಟೈರನ್ನೇ ಅಳೆಯುವುದು ಕ್ಷೇಮ. ನೆಲದ ಮೇಲೆ ನಿಂತ ಕಾರಿನ ಗಾಲಿಯನ್ನು ಅಳೆಯಬಾರದು, ಭಾರಕ್ಕೆ ಅದು ಕೆಳಗಡೆ ಕುಗ್ಗಿರುತ್ತದೆ. ಸೀಮೆಸುಣ್ಣದ ಗುರುತು ಹಾಕಿ ಒಂದು ಸುತ್ತು ಉರುಳಿಸಿ ಅಳೆಯುವ ಪದ್ಧತಿಯಲ್ಲೂ ಇದೇ ಕಾರಣಕ್ಕೆ ಅಳತೆ ತುಸು ಕಡಿಮೆ ಬರುತ್ತದೆ. ಡಿಕ್ಕಿಯಲ್ಲಿರುವ ಸ್ಟೆಪ್ನಿಗೆ ಪೂರ್ತಿ ಗಾಳಿ ತುಂಬಿಸಿ, ನಡುಮಧ್ಯದಲ್ಲಿ ದಾರ ಸುತ್ತಿ, ಆ ದಾರದ ಉದ್ದವನ್ನು 3.14ರಿಂದ ಭಾಗಿಸುವುದು ಎಲ್ಲಕ್ಕಿಂತ ನಂಬಿಕೆಯ ದಾರಿ. ತೀರ್ಥಹಳ್ಳಿಯ ನೆಂಟರ ಮನೆಯಲ್ಲಿ ಇಂದಿಗೂ ಓಡುತ್ತಿರುವ ಅಂಬಾಸಡರ್‌ನ ಸ್ಟೆಪ್ನಿಯ ಸುತ್ತಳತೆ 2 ಮೀಟರ್ 7 ಸೆಂಟಿಮೀಟರ್ ಬಂದಿತು. ವ್ಯಾಸ 659 ಮಿ.ಮೀ.; 1:24ರಲ್ಲಿ 27.5 ಮಿ.ಮೀ. ಅಗಲ 5.90 ಇಂಚು, ಅಂದರೆ 150 ಮಿ.ಮೀ.; ಮಾದರಿಯಲ್ಲಿ 6.25 ಮಿ.ಮೀ. ನನ್ನ ಬಳಿ ಇದ್ದ ಟೈರುಗಳ ವ್ಯಾಸ 28.9 ಮಿ.ಮೀ., ಅಗಲ 9.6 ಮಿ.ಮೀ. ಆ ಅಗಲವನ್ನು 24ರಿಂದ ಗುಣಿಸಿದರೆ 230 ಮಿ.ಮೀ. ಆಗುತ್ತದೆ. ಅಂದರೆ ಬಸ್ಸಿಗೆ ಹಾಕುವ 9 ಇಂಚಿನ ಟೈರನ್ನು ಅಂಬಾಸಡರ್‌ಗೆ ಹಾಕಿದಂತಿತ್ತು.

ಮಾದರಿಯ ನಿಜವಾದ ಅಳತೆ ಯಾವುದೆಂಬ ಪ್ರಶ್ನೆಯೂ ಇಲ್ಲಿ ಏಳುತ್ತದೆ. ಡಬ್ಬಿಯ ಮೇಲೆ ಅಚ್ಚಾದ ಅಂಕಿಯನ್ನು ಆಟಿಕೆಗಳ ವಿಷಯದಲ್ಲಂತೂ ನಂಬುವಂತಿಲ್ಲ, ಏಕೆಂದರೆ ಎಷ್ಟೋ ಸಲ ಕಾರನ್ನು ಡಬ್ಬಿಯ ಗಾತ್ರಕ್ಕೆ ಹೊಂದಿಸಿರುತ್ತಾರೆ. ಮುಂದಿನ ಮತ್ತು ಹಿಂದಿನ ಆಕ್ಸಲ್ಲುಗಳ ನಡುವಿನ ದೂರವನ್ನು ಅಳೆದು ನಿಜವಾದ ಕಾರಿನ ದೂರದೊಡನೆ ಹೋಲಿಸಿ ನೋಡಬೇಕು. ಅಂಬಾಸಡರ್‌ನಲ್ಲಿ ಇದು 2464 ಮಿ.ಮೀ., ಮಾರುತಿ 800ರಲ್ಲಿ 2175 ಮಿ.ಮೀ. 1:24 ಎಂದು ಅಚ್ಚಾಗಿದ್ದ ನನ್ನ ಪ್ಲಾಸ್ಟಿಕ್ ಮಾರುತಿಯ ಆಕ್ಸಲ್ಲುಗಳ ನಡುವೆ 72.5 ಮಿ.ಮೀ. ಮಾತ್ರ ಇದ್ದುದರಿಂದ ಅದು ವಾಸ್ತವದಲ್ಲಿ 1:30ರ ಕಾರೆಂದು ತಿಳಿಯಿತು. ಆ ಪ್ರಕಾರ ಅದಕ್ಕೆ ಬೇಕಾದ ಟೈರಿನ ವ್ಯಾಸ 16.9 ಮಿ.ಮೀ. ಡಬ್ಬಿಯನ್ನು ನಂಬಿ 21.2 ಮಿ.ಮೀ. ಟೈರು ಮಾಡಿಸಿದ್ದರೆ ಅದು ಮಡ್‌ಗಾರ್ಡಿನೊಳಗೆ ಹೋಗುತ್ತಲೂ ಇರಲಿಲ್ಲ.

ಲೇತಿಗೆ ಕೊಡುವ ಟೈರನ್ನು ಆರಿಸುವಾಗ ನೆನಪಿಡಬೇಕಾದದ್ದು, ಸವೆಸಿ ತೆಗೆಯಬಹುದೇ ಹೊರತು ಸೇರಿಸಲಾಗದು ಎಂಬುದು. ಒಳವ್ಯಾಸ ನಮ್ಮ ರಿಮ್ಮಿಗೆ ಮೊದಲೇ ಸರಿಯಿರಬೇಕು, ಹೊರವ್ಯಾಸ ಮತ್ತು ಅಗಲ ಬೇಕಾದದ್ದಕ್ಕಿಂತ ಹೆಚ್ಚಿರಬೇಕು. 15 ಇಂಚಿನ ರಿಮ್ಮು 1:24ರಲ್ಲಿ 15.9 ಮಿ.ಮೀ. ಆಗುತ್ತದೆ, ಆ ಆಸುಪಾಸಿನ ಒಳವ್ಯಾಸದ ಟೈರನ್ನೇ ಹುಡುಕಬೇಕು. ಹೆಚ್ಚಿನ ಕಿಟ್ಟಿನ ಟೈರುಗಳು ಒಳಗೆ ಪೊಳ್ಳಾಗಿರುವುದರಿಂದ ಗೋಡೆಯ ದಪ್ಪವನ್ನೂ ಬೆರಳಿನಿಂದ ಒತ್ತಿ ನೋಡಬೇಕು. ತೆಳು ಗೋಡೆಯ ಟೈರನ್ನು ತೆಗೆದುಕೊಂಡು ಹೋದರೆ ಮಾಲೀಕರು ಬೆಳಕಿಗೆ ಹಿಡಿದು ನೋಡಿ, ಇದು ಆಗುವುದಿಲ್ಲವೆಂದು ಮುಲಾಜಿಲ್ಲದೆ ಹಿಂದಿರುಗಿಸುತ್ತಾರೆ. ಇದು ನನಗೆ ಮೆಚ್ಚುಗೆಯಾದ ಗುಣ. ಕೆಲಸ ಕೆಡುತ್ತದೆಂದು ಗೊತ್ತಿದ್ದೂ ಒಪ್ಪಿಕೊಂಡು ಆಮೇಲೆ ಸಬೂಬು ಹೇಳುವವರ ನಡುವೆ ಇಂಥವರು ಸಿಗುವುದು ಕಷ್ಟ.

ಈಗ ಅವರ ಕೆಲಸದ ಕ್ರಮವನ್ನು ನೋಡೋಣ. ಮೊದಲು ಅಲ್ಯುಮಿನಿಯಂ ರಾಡಿನ ತುಂಡೊಂದನ್ನು ಲೇತಿನ ಚಕ್ಕಿಗೆ (ಹಿಡಿದು ತಿರುಗಿಸುವ ಭಾಗಕ್ಕೆ) ಕಟ್ಟಿ, ಟೈರಿನ ಒಳವ್ಯಾಸಕ್ಕೆ ಬಿಗಿಯಾಗಿ ಕೂರುವಂತೆ ಒಂದು ಮ್ಯಾಂಡ್ರೆಲ್ ತಿರುವುತ್ತಾರೆ. ಟೈರನ್ನು ಅದಕ್ಕೆ ತೊಡಿಸಿ ಎರಡೂ ಬದಿಗೆ ಬಿಲ್ಲೆ ಕೊಟ್ಟು ಬೋಲ್ಟಿನಿಂದ ಬಿಗಿಯುತ್ತಾರೆ. ಕಬ್ಬಿಣಕ್ಕೆ ಬಳಸುವ ಟೂಲನ್ನು ಇಲ್ಲಿ ಬಳಸುವುದಿಲ್ಲ, ಕಿಟ್ಟಿನ ಟೈರಿನ ಮೆತ್ತನೆಯ ವಿನೈಲ್ (ರಬ್ಬರಿನಂಥ ಪ್ಲಾಸ್ಟಿಕ್) ಟೂಲಿಗೆ ಸಿಕ್ಕಿದರೆ ಕತ್ತರಿಸುವ ಬದಲು ಕಿತ್ತುಬರುತ್ತದೆ. ಅದರ ಬದಲಿಗೆ ಸಾಗವಾನಿಯ ಚಪ್ಪಟೆ ತುಂಡಿಗೆ ಎಮರಿ ಕಾಗದ ಅಂಟಿಸಿ, ಆ ತುಂಡನ್ನು ಟೂಲ್ ಪೋಸ್ಟಿಗೆ (ಟೂಲನ್ನು ಹಿಡಿಯುವ ಕಂಬಕ್ಕೆ) ಕಟ್ಟಿ, ಕೈಚಕ್ರ ತಿರುಗಿಸುತ್ತಾ ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಮುಂದಕ್ಕೆ ಒಯ್ಯುತ್ತಾರೆ. ಮೊದಲು 120ರ ಒರಟು ಕಾಗದ, ಅಳತೆ ಹತ್ತಿರ ಬಂದಾಗ 220, ಕೊನೆಗೆ 400ರ ನುಣುಪು ಕಾಗದ. ವೇಗ ಹೆಚ್ಚಾದರೆ ಉಜ್ಜುವಿಕೆಯ ಶಾಖಕ್ಕೆ ವಿನೈಲಿನ ಮೇಲ್ಮೈ ಕರಗಿ ಹೊಳಪೇರುತ್ತದೆ ಎಂಬ ಕಾರಣಕ್ಕೆ ಲೇತನ್ನು ನಿಧಾನವಾಗಿ ಓಡಿಸಿ, ಆಗಾಗ ಕುಂಚದಿಂದ ನೀರು ಹಚ್ಚುತ್ತಾರೆ.

ಅಳೆಯುವ ವಿಷಯದಲ್ಲಿ ಅವರ ತಾಳ್ಮೆ ಬೆರಗು ಹುಟ್ಟಿಸುವಂಥದ್ದು. ಪ್ರತಿ ಸಲವೂ ಲೇತನ್ನು ಪೂರ್ತಿ ನಿಲ್ಲಿಸಿಯೇ ವರ್ನಿಯರ್ ಎಂಬ ಸೂಕ್ಷ್ಮ ಅಳತೆಯ ಸಾಧನವನ್ನು ಹಿಡಿಯುತ್ತಾರೆ. ಓಡುತ್ತಿರುವಾಗಲೇ ಅಂದಾಜು ನೋಡಿ ಹೇಳಬಾರದೇ ಎಂದು ಕೇಳಿದಾಗ, "ಆಗಲ್ಲ ಸಾರ್, ಓಡೋವಾಗ ರಬ್ಬರ್ ಉಬ್ಬಿಕೊಳ್ಳುತ್ತೆ, ನಿಂತ ಮೇಲೆ ನೋಡಿದ್ರೆ ಸಣ್ಣ ಆಗಿರುತ್ತೆ, ನಿಂತ ಮೇಲೆ ಅಳೆದದ್ದೇ ಅಳತೆ" ಎಂದರು. ವರ್ನಿಯರಿನ ದವಡೆ ಮೆತ್ತನೆಯ ಟೈರನ್ನು ಒತ್ತಿ ಸುಳ್ಳು ಅಳತೆ ತೋರಿಸದಂತೆ, ಟೈರಿನ ಮೇಲೆ ತೆಳುಕಾಗದದ ಚೂರೊಂದನ್ನು ಇಟ್ಟು, ಆ ಕಾಗದ ಎಳೆದರೆ ಜಾರಿಬರುವಷ್ಟೇ ಬಿಗಿ ಮಾಡಿ ಅಂಕಿ ಓದುತ್ತಾರೆ. ಕಾಗದದ ದಪ್ಪವನ್ನು ಕಳೆಯುವುದನ್ನೂ ಮರೆಯುವುದಿಲ್ಲ.

ಅಗಲ ಕಡಿಮೆ ಮಾಡುವುದು ಬೇರೆಯೇ ಕೈಚಳಕ. ಹೊರಗೆ ಕಾಣುವ ಪಕ್ಕೆಯನ್ನು ಮುಟ್ಟದೆ, ಕಾರಿನ ಒಳಬದಿಗೆ ಬರುವ ಪಕ್ಕೆಯ ಕಡೆಯಿಂದ ಒಂದು ಉಂಗುರವನ್ನು ಕತ್ತರಿಸಿ ತೆಗೆಯಬೇಕು. ಹೊಸ ಬ್ಲೇಡನ್ನು ಟೂಲ್ ಪೋಸ್ಟಿನಲ್ಲಿ ಕಟ್ಟಿ, ಸೋಪು ನೀರಿನ ಹನಿ ಬಿಡುತ್ತಾ, ಟೈರು ತಿರುಗುವಾಗ ಬ್ಲೇಡನ್ನು ನಿಧಾನವಾಗಿ ಒಳಕ್ಕೆ ಬಿಡುತ್ತಾರೆ. ರಬ್ಬರಿಗೆ ನೀರೇ ಎಣ್ಣೆ ಎಂಬುದು ಅವರ ಮಾತು. ಒಣಗಿದ ಬ್ಲೇಡು ವಿನೈಲನ್ನು ಕಚ್ಚಿಕೊಂಡು ಅಲೆಅಲೆಯಾಗಿ ಕತ್ತರಿಸುತ್ತದೆ, ಸೋಪು ನೀರು ಬಿದ್ದರೆ ಕತ್ತರಿಸಿದ ಮುಖ ಗಾಜಿನಷ್ಟು ನುಣುಪಾಗುತ್ತದೆ. ಒಳಬದಿಯ ಪಕ್ಕೆ ಹೋದ ಮೇಲೆ ಟೈರು ಒಂದು ಕಡೆ ತೆರೆದ ಬಟ್ಟಲಿನಂತಾಗುವುದರಿಂದ, ರಿಮ್ಮಿನ ಹಿಂಬದಿಗೆ ತೆಳುವಾದ ಪ್ಲಾಸ್ಟಿಕ್ ಹಾಳೆಯ ಬಿಲ್ಲೆಯೊಂದನ್ನು ನಾವೇ ಕತ್ತರಿಸಿ ಅಂಟಿಸಿಕೊಳ್ಳಬೇಕು.

ಫಲಿತಾಂಶವನ್ನು ಮನೆಗೆ ತಂದು ನನ್ನ ವರ್ನಿಯರಿನಲ್ಲಿ ಅಳೆದು ನೋಡಿದೆ. ಅಂಬಾಸಡರ್‌ನ ಐದು ಟೈರುಗಳಲ್ಲಿ ಮೂರು 27.5 ಮಿ.ಮೀ., ಒಂದು 27.4, ಇನ್ನೊಂದು 27.6. ಅಗಲ ಎಲ್ಲದರಲ್ಲೂ 6.2 ಮತ್ತು 6.3ರ ನಡುವೆ. 0.1 ಮಿ.ಮೀ. ವ್ಯತ್ಯಾಸವೆಂದರೆ ನಿಜವಾದ ಕಾರಿನಲ್ಲಿ 2.4 ಮಿ.ಮೀ., ಒಂದೇ ಕಾರಿನ ಹೊಸ ಟೈರಿಗೂ ಓಡಿದ ಟೈರಿಗೂ ಇರುವ ಅಂತರಕ್ಕಿಂತ ಕಡಿಮೆ. ಟೈರುಗಳನ್ನು ತೊಡಿಸಿ ಕಾರನ್ನು ಮೇಜಿನ ಮೇಲಿಟ್ಟಾಗ ಆದ ಬದಲಾವಣೆಯನ್ನು ಹವ್ಯಾಸವಿಲ್ಲದವರೂ ಗುರುತಿಸಿದರು. ಹಿಂದಿನ ಗಾಲಿಗಳು ಮಡ್‌ಗಾರ್ಡಿನ ಅಂಚಿನಿಂದ ಒಳಕ್ಕೆ ಸರಿದು, ಅಲ್ಲಿ ನೆರಳು ಬಿದ್ದು, ಕಾರಿನ ಮೈ ಗಾಲಿಗಳ ಮೇಲೆ ಕೂತಂತೆ ಕಾಣತೊಡಗಿತು. ಅಂಬಾಸಡರ್‌ನ ಗುರುತೇ ಅದು.

ಮಾರುತಿಯ ಕೆಲಸ ಇಷ್ಟು ಸುಗಮವಾಗಿ ಆಗಲಿಲ್ಲ. ಮೊದಲ ಸಲ ಬಂದ ಟೈರುಗಳಲ್ಲಿ ಎರಡು ಓರೆಯಾಗಿ ಸವೆದಿದ್ದವು. ಹೊರ ಅಂಚಿಗೂ ಒಳ ಅಂಚಿಗೂ 0.4 ಮಿ.ಮೀ. ವ್ಯತ್ಯಾಸವಿದ್ದು, ಮುಂದಿನಿಂದ ನೋಡಿದರೆ ಗಾಲಿ ವಾಲಿಕೊಂಡಂತೆ ಕಾಣುತ್ತಿತ್ತು. ಮ್ಯಾಂಡ್ರೆಲ್ಲು ಟೈರಿನ ಅಗಲಕ್ಕಿಂತ ಗಿಡ್ಡವಾಗಿದ್ದುದರಿಂದ ಆಧಾರವಿಲ್ಲದ ಅಂಚು ಎಮರಿ ಕಾಗದದ ಒತ್ತಡಕ್ಕೆ ಒಳಕ್ಕೆ ಬಾಗಿ, ಸವೆಯದೆ ಉಳಿದಿತ್ತು. ಮಾಲೀಕರು ದೋಷವನ್ನು ತಕ್ಷಣ ಒಪ್ಪಿಕೊಂಡು ಉದ್ದದ ಮ್ಯಾಂಡ್ರೆಲ್ ಮಾಡಿ, ಹಣ ತೆಗೆದುಕೊಳ್ಳದೆ ಬೇರೆ ಟೈರುಗಳನ್ನು ಸವೆಸಿಕೊಟ್ಟರು. ಆದರೆ ಆ ಬೇರೆ ಟೈರುಗಳನ್ನು ಹೊಂದಿಸುವ ಹೊಣೆ ನನ್ನದೇ ಆಯಿತು, ಏಕೆಂದರೆ ಅವರ ಬಳಿ ಮಾದರಿ ಟೈರುಗಳ ದಾಸ್ತಾನು ಇರುವುದಿಲ್ಲ. ಆದ್ದರಿಂದ ಒಂದೆರಡು ಹೆಚ್ಚುವರಿ ಟೈರುಗಳಿಲ್ಲದೆ ಅಲ್ಲಿಗೆ ಹೋಗಬಾರದೆಂದು ಒತ್ತಿ ಹೇಳುತ್ತೇನೆ.

ಇನ್ನು ಟ್ರೆಡ್ಡಿನ ವಿಚಾರ. ಅಂಬಾಸಡರ್‌ನ ಟೈರಿನಲ್ಲಿ ತ್ರಿಜ್ಯದಿಂದ 0.7 ಮಿ.ಮೀ. ಸವೆದುಹೋದಾಗ ಕಿಟ್ಟಿನ ಟ್ರೆಡ್ಡೆಲ್ಲ ಅದರೊಂದಿಗೆ ಹೋಯಿತು. ಇದನ್ನು ನಾನು ನಷ್ಟವೆಂದು ಎಣಿಸುವುದಿಲ್ಲ. ಕಾರಿನ ಹೊಸ ಟೈರಿನ ಟ್ರೆಡ್ ಸುಮಾರು 8 ಮಿ.ಮೀ. ಆಳವಿರುತ್ತದೆ, ಮಾದರಿಯಲ್ಲಿ ಅದು 0.3 ಮಿ.ಮೀ. ಆಗಬೇಕು, ಕಿಟ್ಟಿನ ಟೈರುಗಳ ಕಾಲುವೆಗಳು ಇದಕ್ಕಿಂತ ಆಳವಾಗಿ, ಒರಟಾಗಿಯೇ ಇರುತ್ತವೆ. ಸವೆಸಿದ ಮೇಲೆ ಸುತ್ತಲೂ ನೇರ ಗೀರುಗಳನ್ನು ಬ್ಲೇಡಿನ ತುದಿಯಿಂದ ಹಾಕಿಕೊಡಲು ಲೇತಿನಲ್ಲಿ ಸಾಧ್ಯ. ಹಳೆಯ ಅಂಬಾಸಡರ್ ಟೈರುಗಳ ಅಂಕುಡೊಂಕು ಗೀರುಗಳ ಬದಲಿಗೆ ನೇರ ಗೀರು ಬಂದರೂ, ಒಂದು ಅಡಿ ದೂರದಿಂದ ನೋಡುವ ಕಣ್ಣಿಗೆ ಅದು ಒಪ್ಪಿಗೆಯಾಗುತ್ತದೆ. ಜೀಪಿನ ಬಟನ್ ಟೈರಿಗೆ (ಗುಬ್ಬಿಗಳಂತೆ ಎದ್ದ ಟ್ರೆಡ್ಡಿನ ಟೈರಿಗೆ) ಮಾತ್ರ ಈ ಮಾತು ಸಲ್ಲದು. ಕೊಡಚಾದ್ರಿಯ ದಾರಿಯಲ್ಲಿ ಕೆಸರು ಮೆತ್ತಿಕೊಂಡು ಏರುವ ಜೀಪಿನ ಮಾದರಿಯಲ್ಲಿ ಬಟನ್ನುಗಳೇ ಮುಖ್ಯ. ಅವನ್ನು ಸವೆಸಿದರೆ ಜೀಪಿಗೆ ಅರ್ಥವೇ ಉಳಿಯುವುದಿಲ್ಲ. ನನ್ನ ಜೀಪಿನ 6.00-16ರ ಟೈರುಗಳನ್ನು ನಾನು ಅಗಲ ಕಡಿಮೆ ಮಾಡಿಸುವುದಕ್ಕಷ್ಟೇ ಕೊಟ್ಟೆ, ಹೊರವ್ಯಾಸವನ್ನು ಮುಟ್ಟಿಸಲಿಲ್ಲ. ಬಟನ್ ಟೈರು ಅಳತೆಗೆ ಸರಿಯಾಗಿಯೇ ಬೇಕೆನ್ನುವವರು ರೆಸಿನ್ ತ್ರೀ-ಡಿ ಪ್ರಿಂಟ್ ಮಾಡಿಸುವುದು ಒಳ್ಳೆಯದು. ಅಲ್ಲಿ ಟ್ರೆಡ್ಡೂ ಪಕ್ಕೆಯ ಅಕ್ಷರಗಳೂ ಚೂಪಾಗಿ ಬರುತ್ತವೆ, ಆದರೆ ರೆಸಿನ್ ಗಡಸು, ರಿಮ್ಮಿಗೆ ತೊಡಿಸುವಾಗ ಹಿಗ್ಗುವುದಿಲ್ಲ, ಕೈಜಾರಿ ಬಿದ್ದರೆ ಸೀಳುತ್ತದೆ.

ಟೈರಿನ ತಳವನ್ನು ತುಸು ಚಪ್ಪಟೆ ಮಾಡುವ ಕೆಲಸವನ್ನೂ ಅಂಗಡಿಯವರಿಂದ ಮಾಡಿಸಬಹುದು. ನಿಂತ ಕಾರಿನ ಟೈರು ಭಾರಕ್ಕೆ ಕೆಳಗೆ ಕುಗ್ಗಿ ನೆಲಕ್ಕೆ ಅಂಟಿಕೊಂಡಿರುತ್ತದೆ. ಮಾದರಿಯ ದುಂಡನೆಯ ಟೈರು ಒಂದೇ ಗೆರೆಯಲ್ಲಿ ಮೇಜನ್ನು ತಾಕುವುದರಿಂದ ಕಾರಿಗೆ ತೂಕವೇ ಇಲ್ಲವೆನಿಸುತ್ತದೆ. 27.5 ಮಿ.ಮೀ. ವ್ಯಾಸದ ಟೈರಿನ ತಳದಿಂದ 0.4 ಮಿ.ಮೀ. ತೆಗೆದರೆ ಆರೂವರೆ ಮಿ.ಮೀ. ಉದ್ದದ ಚಪ್ಪಟೆ ಸಿಗುತ್ತದೆ, ಅಷ್ಟು ಸಾಕು. ಅದಕ್ಕಿಂತ ಹೆಚ್ಚು ತೆಗೆದರೆ ಪಂಚರ್ ಆದ ಕಾರಿನಂತೆ ಕಾಣುತ್ತದೆ. ಈ ಕೆಲಸಕ್ಕೆ ಲೇತಿನ ಅಗತ್ಯವಿಲ್ಲ, ಗಾಜಿನ ಮೇಲೆ 220ರ ಎಮರಿ ಕಾಗದ ಹಾಸಿ, ಕಾರಿಗೆ ಗಾಲಿಗಳನ್ನು ಜೋಡಿಸಿ ಅಂಟು ಹಾಕಿದ ಮೇಲೆ ನಾಲ್ಕನ್ನೂ ಒಟ್ಟಿಗೆ ಮೆಲ್ಲಗೆ ಉಜ್ಜುವುದೇ ಉತ್ತಮ. ಆಗ ನಾಲ್ಕೂ ಚಪ್ಪಟೆಗಳು ಒಂದೇ ಮಟ್ಟಕ್ಕೆ ಬರುತ್ತವೆ. ಅಂಗಡಿಯಲ್ಲಿ ಬಿಡಿಬಿಡಿಯಾಗಿ ಮಾಡಿಸಿದರೆ ಈ ಮಟ್ಟ ಸಿಗುವುದು ಕಷ್ಟ. ಹಾಗಾಗಿ ಇದಕ್ಕೆ ಅಲ್ಲಿ ಹಣ ಕೊಡಬೇಕೆಂದು ನನಗನಿಸುವುದಿಲ್ಲ.

ಅಂಗಡಿಯಿಂದ ಬಂದ ಟೈರು ಕೈಗೆ ಜಿಡ್ಡಾಗಿರುತ್ತದೆ. ಲೇತಿನ ಎಣ್ಣೆ, ಸೋಪು, ವಿನೈಲಿನ ಪುಡಿ ಎಲ್ಲ ಅದರಲ್ಲಿ ಸೇರಿರುತ್ತವೆ. ಪಾತ್ರೆ ತೊಳೆಯುವ ಸೋಪಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಉಜ್ಜಿ ತೊಳೆದು ನೆರಳಿನಲ್ಲಿ ಆರಿಸಿದರೆ, ಸವೆಸಿದ ಮುಖ ಹೊಳಪಿಲ್ಲದ ಕಡುಬೂದು ಬಣ್ಣಕ್ಕೆ ತಿರುಗುತ್ತದೆ. ಓಡಿದ ಟೈರಿನ ಬಣ್ಣ ಅದೇ. ಅದಕ್ಕೆ ಮತ್ತೆ ಕಪ್ಪು ಬಳಿಯುವುದು ಬೇಡ. ಪಕ್ಕೆಗಳು ಹೊಳೆಯುತ್ತಿದ್ದರೆ ಜಪಾನಿನ ಟಮಿಯಾ ಕಂಪನಿಯ ಎಕ್ಸ್‌ಎಫ್-85 ಎಂಬ ರಬ್ಬರಿನ ಬಣ್ಣವನ್ನು ತೆಳುವಾಗಿ ಹಚ್ಚಬಹುದು. ಎನಾಮೆಲ್ ಬಣ್ಣವನ್ನು ಮಾತ್ರ ಹಚ್ಚಬಾರದು, ವಿನೈಲಿನ ಮೇಲೆ ಅದು ತಿಂಗಳಾದರೂ ಒಣಗದೆ ಅಂಟಂಟಾಗಿಯೇ ಉಳಿಯುತ್ತದೆ.

ಅದಕ್ಕೆ ಕಾರಣವಾಗುವ ಗುಣವೇ ಇನ್ನೊಂದು ದೊಡ್ಡ ಹಾನಿಗೂ ಮೂಲ. ವಿನೈಲನ್ನು ಮೆತ್ತಗಿಡಲು ಅದಕ್ಕೆ ಎಣ್ಣೆಯಂಥ ದ್ರವ್ಯವೊಂದನ್ನು ಬೆರೆಸಿರುತ್ತಾರೆ. ವರ್ಷಗಳು ಕಳೆದಂತೆ ಅದು ಹೊರಕ್ಕೆ ಒಸರಿ, ತಾಗಿಕೊಂಡಿರುವ ಪಾಲಿಸ್ಟೈರೀನ್ ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ. ಕಿಟ್ಟಿನ ರಿಮ್ಮುಗಳು ಟೈರಿನೊಳಗೇ ಕರಗಿ ಅಂಟಿಕೊಂಡಿರುವುದನ್ನು, ಗಾಜಿನಂಥ ಪ್ರದರ್ಶನದ ಡಬ್ಬಿಯ ತಳದಲ್ಲಿ ನಾಲ್ಕು ಗುಳಿಗಳು ಬಿದ್ದಿರುವುದನ್ನು ಹಳೆಯ ಮಾದರಿಗಳನ್ನು ಇಟ್ಟುಕೊಂಡವರೆಲ್ಲ ಬಲ್ಲರು. ಲೇತಿನಲ್ಲಿ ಸವೆಸಿದ ಮಾತ್ರಕ್ಕೆ ಈ ಗುಣ ಹೋಗುವುದಿಲ್ಲ. ಟೈರು ತೊಡಿಸುವ ಮೊದಲು ರಿಮ್ಮಿನ ಸುತ್ತ ತೆಳುವಾದ ಅಲ್ಯುಮಿನಿಯಂ ಅಂಟುಪಟ್ಟಿಯನ್ನು ಒಂದು ಸುತ್ತು ಸುತ್ತಿ, ಪ್ರದರ್ಶನಕ್ಕೆ ಇಡುವಾಗ ಟೈರಿನ ಅಡಿಯಲ್ಲೂ ಅದರದೇ ಚೂರನ್ನು ಇಟ್ಟರೆ ಅಪಾಯ ತಪ್ಪುತ್ತದೆ. ಅಂಗಡಿಯವರು ಈ ಎಚ್ಚರಿಕೆ ಹೇಳುವುದಿಲ್ಲ. ಅದು ಅವರ ಕ್ಷೇತ್ರವೂ ಅಲ್ಲ.

ಮಲೆನಾಡಿನಲ್ಲಿ ಈ ಹವ್ಯಾಸ ಇಟ್ಟುಕೊಂಡವರಿಗೆ ಮಳೆಗಾಲವೂ ಒಂದು ಸಮಸ್ಯೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲಿ ತುಂಬಿರುವ ತೇವಕ್ಕೆ ಸೂಪರ್ ಗ್ಲೂ ಅಂಟಿನ ಆವಿ ಪ್ರತಿಕ್ರಿಯಿಸಿ, ಕಪ್ಪು ಟೈರಿನ ಮೇಲೆ ಬಿಳಿ ಬೂದಿ ಕೂತಂತೆ ಮಾಡುತ್ತದೆ. ಹಿಂಬದಿಯ ಬಿಲ್ಲೆಯನ್ನು ಅಂಟಿಸುವಾಗ ಅಂಟನ್ನು ಸೂಜಿಮೊನೆಯಷ್ಟೇ ಹಾಕಿ, ಅಂಟಿಸಿದ ಕೂಡಲೇ ಡಬ್ಬಿಯಲ್ಲಿ ಮುಚ್ಚಿಡದೆ ಫ್ಯಾನಿನ ಗಾಳಿಗೆ ಇಡಬೇಕು. ಸ್ಪ್ರೇ ವಾರ್ನಿಶ್ ಹೊಡೆಯುವ ಕೆಲಸವನ್ನಂತೂ ಮಳೆ ಬಿಟ್ಟ ಬಿಸಿಲಿನ ದಿನಕ್ಕೇ ಮುಂದೂಡಬೇಕು.

ಟೈರಿಗೆ ನಮ್ಮ ಕೆಂಪು ಧೂಳನ್ನು ಹಚ್ಚಬೇಕೆಂಬ ಆಸೆ ಎಲ್ಲರಿಗೂ ಇರುತ್ತದೆ, ಅದು ಸಹಜವೂ ಹೌದು. ಆದರೆ ರಸ್ತೆಬದಿಯ ಮಣ್ಣನ್ನು ಹಾಗೆಯೇ ಹಚ್ಚಿದರೆ ಅಳತೆ ಮತ್ತೆ ಕೆಡುತ್ತದೆ. 0.1 ಮಿ.ಮೀ. ಮರಳಿನ ಕಣ 1:24ರಲ್ಲಿ 2.4 ಮಿ.ಮೀ. ಜಲ್ಲಿಯಾಗಿಬಿಡುತ್ತದೆ. ಮಣ್ಣನ್ನು ಒಂದು ಗಾಜಿನ ಲೋಟದ ನೀರಿನಲ್ಲಿ ಕದಡಿ, ಮರಳು ತಳಕ್ಕೆ ಇಳಿಯುವಷ್ಟು ಹೊತ್ತು ಕಾದು, ಮೇಲಿನ ಕೆಂಪು ನೀರನ್ನು ಮಾತ್ರ ಬೇರೆ ಬಟ್ಟಲಿಗೆ ಬಸಿದುಕೊಳ್ಳಬೇಕು. ಆ ನೀರು ಒಂದು ರಾತ್ರಿ ನಿಂತರೆ ತಳದಲ್ಲಿ ಗಂಧದಂಥ ನುಣುಪಾದ ಕೆಸರು ಕೂಡುತ್ತದೆ. ಒಣಗಿಸಿ ಪುಡಿ ಮಾಡಿದ ಆ ಮಣ್ಣನ್ನು ಮೆತ್ತನೆಯ ಕುಂಚದಿಂದ ಟ್ರೆಡ್ಡಿನ ಗೀರುಗಳಿಗೆ ತುಂಬಿ, ಎದ್ದ ಭಾಗವನ್ನು ಬೆರಳಿನಿಂದ ಒರೆಸಿದರೆ ಹೊಸನಗರದ ಕಡೆಯಿಂದ ಈಗಷ್ಟೇ ಬಂದ ಕಾರಿನ ಟೈರು ಸಿದ್ಧವಾಗುತ್ತದೆ.

ದರದ ವಿಷಯದಲ್ಲಿ ನನ್ನ ದೂರು ಇಲ್ಲ. ಹೊಸ ಅಳತೆಯ ಮ್ಯಾಂಡ್ರೆಲ್ಲಿಗೆ ಒಮ್ಮೆಗೆ 250 ರೂಪಾಯಿ, ವ್ಯಾಸ ಸವೆಸಲು ಟೈರೊಂದಕ್ಕೆ 80, ಅಗಲ ಕತ್ತರಿಸಲು ಇನ್ನೂ 40. ಅಂಬಾಸಡರ್‌ನ ಐದು ಟೈರಿಗೆ 850 ರೂಪಾಯಿ ಆಯಿತು. ಮ್ಯಾಂಡ್ರೆಲ್ಲನ್ನು ಅವರು ಹೆಸರು ಬರೆದು ಡಬ್ಬಿಯಲ್ಲಿ ಇಟ್ಟುಕೊಳ್ಳುವುದರಿಂದ ಅದೇ ಒಳವ್ಯಾಸದ ಮುಂದಿನ ಟೈರುಗಳಿಗೆ ಆ ಖರ್ಚು ಬರುವುದಿಲ್ಲ. ನನಗೆ ಅಸಮಾಧಾನ ಇರುವುದು ಸಮಯದ ವಿಷಯದಲ್ಲಿ. ಹೇಳಿದ ದಿನಕ್ಕೆ ಕೆಲಸ ಸಿಗುವುದಿಲ್ಲ, ಸಿಗುವುದಿಲ್ಲವೆಂದು ಮೊದಲೇ ತಿಳಿಸುವ ಪದ್ಧತಿಯೂ ಇಲ್ಲ. ತೀರ್ಥಹಳ್ಳಿ, ಸಾಗರದ ಕಡೆಯಿಂದ ಬರುವ ನನ್ನಂಥವರಿಗೆ ಇದು ಒಂದು ಇಡೀ ದಿನದ ನಷ್ಟ. ಫೋನ್ ಮಾಡಿ ಖಚಿತಪಡಿಸಿಕೊಂಡೇ ಹೊರಡುವುದು ಒಳಿತು. ಫೋಟೋ ಕಳಿಸಿ ಕೆಲಸ ಒಪ್ಪಿಸುತ್ತೇನೆಂದರೆ ಅವರು ಒಪ್ಪುವುದಿಲ್ಲ, ಟೈರೂ ರಿಮ್ಮೂ ಕೈಗೆ ಬರಲೇಬೇಕು.

ಕೊಡುವಾಗ ಒಂದು ಚೀಟಿಯಲ್ಲಿ ಬೇಕಾದ ವ್ಯಾಸ, ಬೇಕಾದ ಅಗಲ, ಹೊರಗೆ ಕಾಣಬೇಕಾದ ಪಕ್ಕೆ ಯಾವುದು, ಸುತ್ತ ಎಷ್ಟು ಗೀರು ಬೇಕು ಎಂಬಷ್ಟನ್ನು ಸ್ಪಷ್ಟವಾಗಿ ಬರೆದು, ಉಳಿಯಬೇಕಾದ ಪಕ್ಕೆಯ ಮೇಲೆ ಬಿಳಿ ಬಣ್ಣದ ಚುಕ್ಕೆ ಇಟ್ಟು ಕೊಡಬೇಕು. ಕತ್ತರಿಸುವ ಬ್ಲೇಡಿಗೆ ಎಡಬಲದ ಭೇದ ತಿಳಿಯದು. ಬಾಣದ ಗುರುತಿನಂಥ ಟ್ರೆಡ್ ಇರುವ ಈಚಿನ ಕಾರುಗಳ ಟೈರಾದರೆ ಎಡಗಡೆಯವು ಎರಡು, ಬಲಗಡೆಯವು ಎರಡು ಎಂದು ಬೇರೆಬೇರೆ ಪೊಟ್ಟಣ ಕಟ್ಟುವುದು ಅಗತ್ಯ, ಇಲ್ಲದಿದ್ದರೆ ಒಂದು ಬದಿಯ ಬಾಣಗಳು ಹಿಮ್ಮುಖವಾಗುತ್ತವೆ. ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ ಸುಲಿಯುವ ಯಂತ್ರದ ರಿಪೇರಿಗೇ ಲೇತ್ ಮೀಸಲಾಗಿರುವುದರಿಂದ ಅಕ್ಟೋಬರ್‌ನಿಂದ ಜನವರಿಯವರೆಗೆ ಅಲ್ಲಿಗೆ ಟೈರು ಹಿಡಿದು ಹೋಗುವುದರಲ್ಲಿ ಪ್ರಯೋಜನವಿಲ್ಲ. ಕೊಪ್ಪದ ಸಹಕಾರ ಸಾರಿಗೆಯ ಬಸ್ಸಿನ ಮಾದರಿಯೊಂದನ್ನು ಈಗ ಕಟ್ಟುತ್ತಿದ್ದೇನೆ. ಅದರ ಹಿಂದಿನ ಜೋಡಿ ಟೈರುಗಳ ನಡುವೆ ಬಿಡಬೇಕಾದ ಸಂದನ್ನೂ ಸೇರಿಸಿ ಚೀಟಿ ಬರೆದಿಟ್ಟಿದ್ದೇನೆ, ಕೊಯ್ಲು ಮುಗಿದ ಮೇಲೆ ಫೆಬ್ರವರಿಯಲ್ಲಿ ಕೊಡುವುದೆಂದು ಮಾಲೀಕರೊಂದಿಗೆ ಮಾತಾಗಿದೆ.